‘ನಡೆಯುವುದಿಲ್ಲ’ ಎಂಬ ಮೊಹರು

ಮೂವತ್ತು ವರ್ಷ ಜೈಲಿನಲ್ಲಿದ್ದೆ ಎಂದರೆ ಕಾಮೋಠೆಯ ನಮ್ಮ ಹೌಸಿಂಗ್ ಸೊಸೈಟಿಯ ಹೆಂಗಸರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಗುಮಾಸ್ತೆಯಾಗಿ ಎಂದು ಸೇರಿಸಿದರೆ ಎರಡು ಹೆಜ್ಜೆ ಮುಂದೆ ಬಂದು, ದೊಡ್ಡ ದೊಡ್ಡ ಡಾನ್‌ಗಳನ್ನು ನೋಡಿದ್ದೀರಾ ಎಂದು ಕೇಳುತ್ತಾರೆ. ನೋಡಿಲ್ಲ. ನಾನು ನೋಡಿದ್ದು ಕಾಗದ. ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಕಾಗದ, ಲೋಕಲ್ ರೈಲಿನಲ್ಲಿ ನಿದ್ದೆ ಬಂದರೆ ಕನಸಿನಲ್ಲೂ ಕಾಗದ.

ಇದನ್ನೆಲ್ಲ ಬರೆಯುವುದಕ್ಕೆ ಕಾರಣ ನನ್ನ ತಂಗಿಯ ಮಗಳು. ಈಗ ಅದೇ ಇಲಾಖೆಯ ಪರೀಕ್ಷೆ ಪಾಸಾಗಿ, ನಾನು ಕೂತಿದ್ದಂಥದೇ ಒಂದು ಕುರ್ಚಿಗೆ ಹೋಗುತ್ತಿದ್ದಾಳೆ. ಡೊಂಬಿವಲಿಯಲ್ಲಿ ಹುಟ್ಟಿದವಳು, ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವವಳು. "ದೊಡ್ಡಮ್ಮಾ, ಅಸಲೀ ಮೇ ಕಾಮ್ ಕ್ಯಾ ರೆಹತಾ ಹೈ?" ಎಂದಳು. ಅಸಲಿ ಕೆಲಸ ಏನು ಎಂದು ಕನ್ನಡದಲ್ಲೇ ಬರೆದಿಡುತ್ತಿದ್ದೇನೆ. ಓದಲು ಕಷ್ಟವಾದರೆ ಅವಳ ಅಮ್ಮ ಓದಿ ಹೇಳಲಿ, ತಾಯಿಮಗಳು ಅಷ್ಟು ಹೊತ್ತಾದರೂ ಮೊಬೈಲ್ ಕೆಳಗಿಟ್ಟ ಹಾಗಾಗುತ್ತದೆ.

ಯಾವ ಜೈಲು ಎಂದು ಹೇಳುವುದಿಲ್ಲ. ನಮ್ಮ ಕೋಣೆಯ ಬಾಗಿಲ ಮೇಲೆ ‘ನ್ಯಾಯ ವಿಭಾಗ’ ಎಂದು ಬರೆದಿತ್ತು. ಒಳಗೆ ಇದ್ದದ್ದು ಮೂರು ಟೇಬಲ್, ಒಂದು ಮುರುಕಲು ಫ್ಯಾನು, ಗೋಡೆಯ ತುಂಬ ಕಟ್ಟುಗಳು. ಯಾವ ಕೈದಿ ಯಾವ ಕೋರ್ಟಿನ ವಾರಂಟಿನ ಮೇಲೆ ಒಳಗೆ ಬಂದ, ಯಾವ ದಿನ ಹೊರಗೆ ಹೋಗಬೇಕು, ಅವನ ಅಪೀಲು ಎಲ್ಲಿದೆ, ಅವನು ಬರೆದ ಅರ್ಜಿ ಯಾವ ಕೋರ್ಟಿಗೆ ಹೋಗಬೇಕು ಎನ್ನುವುದೆಲ್ಲ ನಮ್ಮ ಕೆಲಸ. ಸಂಬಳ ಸಣ್ಣದು, ಆದರೆ ನಮ್ಮ ಪೆನ್ನು ಒಂದು ಸಾಲು ತಪ್ಪಿದರೆ ಒಬ್ಬ ಮನುಷ್ಯ ಒಳಗೇ ಉಳಿಯುತ್ತಾನೆ. ಇದನ್ನು ಟ್ರೇನಿಂಗ್‌ನಲ್ಲಿ ಹೇಳಿಕೊಡುವುದಿಲ್ಲ. ಟ್ರೇನಿಂಗ್‌ನಲ್ಲಿ ರಜೆಯ ಅರ್ಜಿ ಬರೆಯುವುದನ್ನು ಹೇಳಿಕೊಡುತ್ತಾರೆ.

ಹೆಡ್ ಕ್ಲಾರ್ಕ್ ಕದಮ್ ಕಾಕಾ ನನಗೆ ಕೆಲಸ ಕಲಿಸಿದವರು. ಕಲ್ಯಾಣದಿಂದ ಬರುತ್ತಿದ್ದರು, ಡಬ್ಬಿಯಲ್ಲಿ ಯಾವತ್ತೂ ಬಟಾಟೆ ಭಾಜಿ, ನಾಲಿಗೆಯಲ್ಲಿ ಯಾವತ್ತೂ ಖಾರ. ಮೊದಲ ವಾರವೇ ನನ್ನನ್ನು ಕೂರಿಸಿಕೊಂಡು ಹೇಬಿಯಸ್ ಕಾರ್ಪಸ್ ಎಂದರೇನು ಎಂದು ಕೇಳಿದರು. ನಾನು ಪರೀಕ್ಷೆಗೆ ಉರು ಹೊಡೆದದ್ದನ್ನೆಲ್ಲ ಒಪ್ಪಿಸಿದೆ. ಕಾಕಾ ಎಲೆಅಡಿಕೆ ಉಗಿದು ಬಂದು, "ಬೇಟಿ, ಏಕ್ ಹೀ ಸವಾಲ್ ಹೈ. ಯೇ ಆದ್ಮೀ ಕೌನ್‌ಸೇ ಕಾಗಜ್ ಪೇ ಅಂದರ್ ಹೈ? ಬಸ್" ಎಂದರು.

ಮುಂದೆ ನಾನು ಓದಿದ ಯಾವ ಪುಸ್ತಕವೂ ಇಷ್ಟು ಚೆನ್ನಾಗಿ ಹೇಳಲಿಲ್ಲ. ಹೈಕೋರ್ಟಿಗೆ ಹೇಬಿಯಸ್ ಅರ್ಜಿ ಹೋದರೆ ಕೋರ್ಟು ಕೇಳುವುದು ಅದೊಂದೇ: ಈ ಮನುಷ್ಯನನ್ನು ಯಾವ ಕಾಗದದ ಬಲದಿಂದ ಹಿಡಿದಿಟ್ಟಿದ್ದೀರಿ? ಕಾಗದ ಇಲ್ಲವಾದರೆ ಬಿಡಿ. ವಿಚಾರಣೆ ಮಾಡುವ ಅಧಿಕಾರವಿದ್ದ ಕೋರ್ಟು ಶಿಕ್ಷೆ ಕೊಟ್ಟು ಕಳಿಸಿದ್ದರೆ ಅಲ್ಲಿಗೆ ಮಾತು ಮುಗಿಯಿತು. ಆ ಶಿಕ್ಷೆ ಸರಿಯೋ ತಪ್ಪೋ, ಸಾಕ್ಷಿ ಸುಳ್ಳು ಹೇಳಿದನೋ, ಪೊಲೀಸರು ಕಥೆ ಕಟ್ಟಿದರೋ, ಅದೆಲ್ಲ ಅಪೀಲಿನಲ್ಲಿ ಹೇಳಬೇಕಾದ ಮಾತು. ಅಪೀಲಿಗೆ ಬೇರೆ ಬಾಗಿಲು, ಬೇರೆ ಗಡುವು. ಹೇಬಿಯಸ್ ಬಾಗಿಲಲ್ಲಿ ನಿಂತು ಅಪೀಲಿನ ದುಃಖ ತೋಡಿಕೊಂಡರೆ ಯಾರೂ ಕೇಳುವುದಿಲ್ಲ.

ಇದು ನಮಗೆ ಗೊತ್ತಿತ್ತು. ಒಳಗಿದ್ದವರಿಗೆ ಗೊತ್ತಿರಲಿಲ್ಲ. ಒಂದು ಸಲ, ಇನ್ನೂ ವಿಚಾರಣೆ ಮುಗಿಯದ ಒಬ್ಬ ಕೈದಿಯ ಕಸ್ಟಡಿ ಆದೇಶವೇ ಕೋರ್ಟಿನಿಂದ ಬಂದಿರಲಿಲ್ಲ. ಕಾಗದವಿಲ್ಲದೆ ಕೂತಿದ್ದ. ಅವನ ವಕೀಲ ಹೇಬಿಯಸ್ ಹಾಕಿದ, ಅದೇ ವಾರ ಅವನು ಹೊರಗೆ ಹೋದ. ಬ್ಯಾರಕ್‌ಗಳಿಗೆ ಸುದ್ದಿ ತಲುಪಿದಾಗ ಅದರಲ್ಲಿ ಕಾಗದದ ವಿಷಯ ಉಳಿದಿರಲಿಲ್ಲ. ಹೇಬಿಯಸ್ ಹಾಕಿದರೆ ಗೇಟು ತೆರೆಯುತ್ತದೆ ಎಂಬುದಷ್ಟೇ ಉಳಿದಿತ್ತು. ಅವತ್ತಿನಿಂದ ಶಿಕ್ಷೆಯಾದವರೆಲ್ಲ ಕಟಿಂಗ್ ಚಹಾ ಕೇಳಿದಷ್ಟು ಸಲೀಸಾಗಿ ಹೇಬಿಯಸ್ ಕೇಳತೊಡಗಿದರು.

ಬರೆದುಕೊಡಲು ಒಳಗೇ ಒಬ್ಬ ಮಾಸ್ತರ್ ಇದ್ದ. ಓದುಬರಹ ಬಲ್ಲ ಶಿಕ್ಷಾಬಂದಿಗಳನ್ನು ರೈಟರ್ ಎಂದು ನೇಮಿಸಿ, ಉಳಿದವರ ಅರ್ಜಿ ಬರೆಸುವ ಪದ್ಧತಿ ಜೈಲಿನಲ್ಲಿದೆ. ಈ ಮಾಸ್ತರ್ ಹೊರಗಿದ್ದಾಗ ಟ್ಯೂಶನ್ ಕ್ಲಾಸ್ ನಡೆಸುತ್ತಿದ್ದ, ವಂಚನೆ ಕೇಸಿನಲ್ಲಿ ಒಳಗೆ ಬಂದಿದ್ದ. ಅಕ್ಷರ ಮುತ್ತಿನಂತೆ, ಅಹಂಕಾರ ಆನೆಯಷ್ಟು. ಯಾರ ಅರ್ಜಿಯೇ ಆಗಲಿ, ಹತ್ತು ಪುಟ. ಮೊದಲ ಒಂಬತ್ತು ಪುಟಗಳಲ್ಲಿ ಸಂವಿಧಾನ, ಸತ್ಯ, ಧರ್ಮ, ಪೊಲೀಸರ ಕುತಂತ್ರ, ನಿರಪರಾಧಿಯ ಕಣ್ಣೀರು. ಹೆಸರು ಮಾತ್ರ ಬದಲು. ಹತ್ತನೆಯ ಪುಟದಲ್ಲಿ ಕೈದಿ ತಾನಾಗಿ ಹೇಳಿದ ಮಾತು. ಯಾಕೆ ಹೀಗೆ ಎಂದು ಒಮ್ಮೆ ಕೇಳಿದ್ದೆ. "ಮ್ಯಾಡಂ, ಇವರ ಮಾತು ಒರಟು. ಮೊದಲು ಜಡ್ಜ್ ಸಾಹೇಬರ ಮನಸ್ಸು ಮೆತ್ತಗೆ ಮಾಡಬೇಕು" ಎಂದು ನನಗೇ ಪಾಠ ಹೇಳಿದ.

ಆ ಒಂಬತ್ತು ಪುಟಗಳನ್ನು ದಾಟಿ ಹೋದರೆ ಒಮ್ಮೊಮ್ಮೆ ಮಜಾ ಇರುತ್ತಿತ್ತು. ತನಗೆ ಶಿಕ್ಷೆ ಕೊಟ್ಟ ಜಡ್ಜನ್ನೇ ಕೋರ್ಟಿನಲ್ಲಿ ಹಾಜರುಪಡಿಸಬೇಕು ಎಂದು ಒಬ್ಬ ಬರೆಸಿದ್ದ. ದಿವಾ ಸ್ಟೇಷನ್ ಕಡೆಯ ಇನ್ನೊಬ್ಬನ ಹೆಂಡತಿ ತವರಿಗೆ ಹೋಗಿ ಕೂತಿದ್ದಳು. ತನ್ನ ಅತ್ತೆ ಅವಳನ್ನು ಅಕ್ರಮವಾಗಿ ಬಂಧನದಲ್ಲಿಟ್ಟಿದ್ದಾಳೆ, ಬಿಡಿಸಿಕೊಡಬೇಕು ಎಂದು ಏಳು ವರ್ಷದ ಶಿಕ್ಷೆ ಅನುಭವಿಸುತ್ತಿದ್ದ ಈ ಮಹಾಶಯನ ಪ್ರಾರ್ಥನೆ. ಕದಮ್ ಕಾಕಾ ಬಿದ್ದು ಬಿದ್ದು ನಕ್ಕರು. ಅತ್ತೆಯ ಹತ್ತಿರ ಯಾವ ಕಾಗದವೂ ಇಲ್ಲವಲ್ಲ, ಆ ತಿಂಗಳು ಬಂದ ಅರ್ಜಿಗಳಲ್ಲಿ ಕಾಯಿದೆಯ ಪ್ರಕಾರ ಹೇಬಿಯಸ್ ಎನ್ನಬಹುದಾದದ್ದು ಇದೊಂದೇ ಎಂದರು.

ನಗು ಬಾರದ ಸಂಗತಿಯೂ ಇತ್ತು. ಹೇಬಿಯಸ್ ನಂಬಿಕೊಂಡು ಕೆಲವರು ಅಪೀಲು ಹಾಕದೆ ಸುಮ್ಮನೆ ಕೂರುತ್ತಿದ್ದರು. ಅರ್ಜಿ ಹೈಕೋರ್ಟಿಗೆ ಹೋಗಿ, ತಿಂಗಳುಗಟ್ಟಲೆ ಬಿದ್ದು, ‘ನಡೆಯುವುದಿಲ್ಲ’ ಎಂದು ತಿರುಗಿ ಬರುವಷ್ಟರಲ್ಲಿ ಅಪೀಲಿನ ಗಡುವು ದಾಟಿರುತ್ತಿತ್ತು. ಆಮೇಲೆ ತಡವಾದದ್ದಕ್ಕೆ ಕ್ಷಮೆ ಕೋರುವ ಇನ್ನೊಂದು ಅರ್ಜಿ, ಅದಕ್ಕೂ ಮಾಸ್ತರನ ಒಂಬತ್ತು ಪುಟ. ಕೊನೆಗೆ ಮೇಲಿನಿಂದ ಒಂದು ಪತ್ರ ಬಂತು. ಇಂಥ ಅರ್ಜಿ ಕಳಿಸುವ ಮುನ್ನ ಕೈದಿಗಳಿಗೆ ತಿಳಿವಳಿಕೆ ಕೊಡಿ ಎಂದು ಅದರಲ್ಲಿತ್ತು. ಒಳ್ಳೆಯ ಪತ್ರವೇ.

ಅದು ಹೊಸದಾಗಿ ಬಂದಿದ್ದ ನಮ್ಮ ಸೂಪರಿಂಟೆಂಡೆಂಟ್ ಸಾಹೇಬರ ಕೈಗೆ ಸಿಕ್ಕಿತು. ಸಾಹೇಬರಿಗೆ ಟೇಬಲ್ ಖಾಲಿ ಇರಬೇಕು, ಮೀಸೆ ಕಪ್ಪಗಿರಬೇಕು, ತಿಂಗಳ ವರದಿಯಲ್ಲಿ ‘ಬಾಕಿ’ ಎಂಬಲ್ಲಿ ಸೊನ್ನೆ ಇರಬೇಕು. ಕೈದಿಯ ಅರ್ಜಿ ತಡೆಯುವ ಅಧಿಕಾರ ಜೈಲಿಗಿಲ್ಲ. ಹಾಗಾಗಿ ನಾವು ತಡೆಯಲಿಲ್ಲ. ಕೈದಿಯನ್ನು ಕರೆಸಿ, ತಿಳಿವಳಿಕೆ ಕೊಟ್ಟು, ‘ನನ್ನ ಅರ್ಜಿಯನ್ನು ನಾನಾಗಿ ವಾಪಸ್ ಪಡೆಯುತ್ತಿದ್ದೇನೆ’ ಎಂಬುದರ ಕೆಳಗೆ ಹೆಬ್ಬೆಟ್ಟು ಒತ್ತಿಸಿಕೊಂಡೆವು. ಪ್ರತಿಸಲ ಕೈಯಲ್ಲಿ ಬರೆಯುವುದು ಬೇಡವೆಂದು ಒಂದು ರಬ್ಬರ್ ಮೊಹರು ಮಾಡಿಸುವ ಸಲಹೆ ಕೊಟ್ಟವಳು ನಾನು. ಒಕ್ಕಣೆಯೂ ನನ್ನದೇ: ‘ಶಿಕ್ಷೆಯ ವಿರುದ್ಧ ಹೇಬಿಯಸ್ ಅರ್ಜಿ ನಡೆಯುವುದಿಲ್ಲ ಎಂದು ತಿಳಿಸಲಾಯಿತು, ಅರ್ಜಿದಾರರು ಸ್ವ ಇಚ್ಛೆಯಿಂದ ವಾಪಸ್ ಪಡೆದಿದ್ದಾರೆ.’ ಕಲ್ಯಾಣ ಸ್ಟೇಷನ್ ಹೊರಗಿನ ಅಂಗಡಿಯಲ್ಲಿ ಮರಾಠಿಯಲ್ಲಿ ಕೆತ್ತಿಸಿ ತಂದೆ. ಒಂದು ದಿನ ಚಹಾಕ್ಕೂ ಊಟಕ್ಕೂ ನಡುವೆ ಹನ್ನೊಂದು ಮಂದಿಯ ಸ್ವ ಇಚ್ಛೆಯನ್ನು ಮುಗಿಸಿದೆ. ಸ್ಟಾಫ್ ಮೀಟಿಂಗ್‌ನಲ್ಲಿ ಸಾಹೇಬರು ಚಪ್ಪಾಳೆ ಹೊಡೆಸಿದರು. ಆಗ ಖುಷಿಯಾಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಕದಮ್ ಕಾಕಾ ಅಷ್ಟರಲ್ಲಿ ರಿಟೈರ್ ಆಗಿದ್ದರು. ಇದ್ದಿದ್ದರೆ ಮೊಹರನ್ನು ಕಿಟಕಿಯಿಂದ ಹೊರಗೆಸೆಯುತ್ತಿದ್ದರು.

ಭೀಮಪ್ಪ ಬಂದದ್ದು ಈ ಚಪ್ಪಾಳೆಯ ದಿನಗಳಲ್ಲಿ. ಕಲಬುರಗಿ ಕಡೆಯವನು, ತುರ್ಭೆಯ ಗೋದಾಮುಗಳಲ್ಲಿ ಮೂಟೆ ಹೊರುತ್ತಿದ್ದ. ಲಾರಿ ಖಾಲಿ ಮಾಡುವ ಸರದಿಯ ಜಗಳದಲ್ಲಿ ಒಬ್ಬನ ತಲೆ ಒಡೆದಿದ್ದ, ಮೂರು ವರ್ಷದ ಶಿಕ್ಷೆ. ಅವನ ಹೇಬಿಯಸ್ ಅರ್ಜಿ ನನ್ನ ಟೇಬಲ್ಲಿಗೆ ಬಂತು. ಮೊದಲ ಪುಟ ನೋಡಿದೆ. ಸಂವಿಧಾನ, ಸತ್ಯ, ನಿರಪರಾಧಿಯ ಕಣ್ಣೀರು. ಮೊಹರು ಒತ್ತಿ ಅವನನ್ನು ಕರೆಸಿದೆ.

ಕನ್ನಡ ಕೇಳಿ ಅವನ ಮುಖ ಅರಳಿತು. "ಅಕ್ಕಾರ, ನೀವು ನಮ್ಮವರು ಅದೀರಿ, ಚಲೋ ಆತ್ರಿ" ಎಂದ.

"ಶಿಕ್ಷೆ ಆದ ಮೇಲೆ ಹೇಬಿಯಸ್ ನಡಿಯುದಿಲ್ಲ ಮಾರಾಯ. ಅಪೀಲು ಮಾಡು, ಫುಕಟ್ ವಕೀಲ ಸಿಗ್ತಾನೆ."

"ಅಪೀಲ್ ಯಾಕ್ರಿ? ನಾ ಹೊಡದೀನ್ರಿ. ಶಿಕ್ಷಾನೂ ಆಗೇತಿ. ನನ್ನ ದಿನಾ ಮುಗದಾವು ಅಂತ ಬರಸೀನಿ. ಕಡೀ ಪಾನಾ, ಹತ್ತನೇದು, ಓದ್ರಿ."

ನನಗೆ ಊಟದ ಹೊತ್ತು. ಆದರೂ ಕರ್ತವ್ಯನಿಷ್ಠೆ ನೋಡಿ, ಬಿಡುಗಡೆಯ ಡೈರಿ ತೆರೆದೆ. ಅವನ ಬಿಡುಗಡೆಗೆ ಇನ್ನೂ ನಾಲ್ಕು ತಿಂಗಳಿತ್ತು. ಕೈದಿಯ ಲೆಕ್ಕ ಯಾವಾಗಲೂ ಆಫೀಸಿನ ಲೆಕ್ಕಕ್ಕಿಂತ ಮುಂದೆ ಓಡುತ್ತದೆ ಎನ್ನುವುದು ನಮ್ಮ ಕೋಣೆಯ ಹಳೆಯ ತಮಾಷೆ.

"ನಾಲ್ಕು ತಿಂಗಳು ಉಂಟು. ದಿನ ನಾವು ಲೆಕ್ಕ ಹಾಕ್ತೇವೆ, ನೀನು ತಲೆಬಿಸಿ ಮಾಡ್ಬೇಡ."

"ಐದೈದು ಗೀಟು ಹಾಕಿ ಎಣಿಸೀನ್ರಿ. ಮೂಟಿ ಎಣಿಸೋ ಮಂದಿ ನಾವು, ಎಣಿಕಿ ತಪ್ಪಂಗಿಲ್ಲ. ಒಂದ್ ಸಲ ಓದ್ರಿ."

"ಓದಿ ಆಯ್ತು. ಎಲ್ಲರದ್ದೂ ಒಂದೇ. ಆಮೇಲೆ ನೋಡುವ, ಈಗ ಇಲ್ಲಿ ಹೆಬ್ಬೆಟ್ಟು ಒತ್ತು."

ಓದಿರಲಿಲ್ಲ. ಅವನು ನನ್ನ ಮುಖ ನೋಡಿದ, ಕಾಗದ ನೋಡಿದ. "ಕನ್ನಡದವ್ರು ನೀವ ಹೇಳಾಕತ್ತೀರಿ ಅಂದ್ರ ಹಚ್ತೀನ್ರಿ" ಎಂದು ಹೆಬ್ಬೆಟ್ಟು ಒತ್ತಿದ. ಮರಾಠಿಯಲ್ಲಿ ಹೇಳಿದ್ದರೆ ಬಹುಶಃ ಒತ್ತುತ್ತಿರಲಿಲ್ಲ. ನನ್ನ ಭಾಷೆ ಅವತ್ತು ಅವನಿಗೆ ಮಾಡಿದ ಉಪಕಾರ ಇಷ್ಟು.

ಆಮೇಲೆ ಕಂಪ್ಯೂಟರ್ ಬಂತು. ಹಳೆಯ ಡೈರಿಗಳನ್ನೆಲ್ಲ ಅದಕ್ಕೆ ಉಣ್ಣಿಸಬೇಕು ಎಂಬ ಆದೇಶವೂ ಬಂತು. ಸ್ಟಾಫೆಲ್ಲ ಅದನ್ನು ಬೈದರು, ನಾನು ಎಲ್ಲರಿಗಿಂತ ಜೋರಾಗಿ ಬೈದೆ. ಅದಕ್ಕೆ ನಮ್ಮ ಮೇಲೆ ನಂಬಿಕೆಯೇ ಇರಲಿಲ್ಲ. ಕೈದಿ ನಮ್ಮ ಜೈಲಿಗೆ ಬಂದ ದಿನಾಂಕ ಕೊಟ್ಟರೆ ಸಾಲದು, ಮೊಟ್ಟಮೊದಲು ಬಂಧನವಾದ ದಿನಾಂಕ ಕೊಡು ಎಂದು ಹಟ ಹಿಡಿಯುತ್ತಿತ್ತು. ಪ್ರತಿಯೊಬ್ಬನ ಹಿಸ್ಟರಿ ಟಿಕೆಟ್, ಅಂದರೆ ಜೈಲಿನಲ್ಲಿ ಅವನ ಜಾತಕದಂತಿರುವ ಪುಸ್ತಕ, ತೆಗೆದು ನೋಡಬೇಕಾಯಿತು. ಭೀಮಪ್ಪನ ಟಿಕೆಟ್ಟಿನ ಹಿಂದೆ ಮಡಚಿ ಪಿನ್ನು ಹೊಡೆದ ಒಂದು ಚೀಟಿ ಇತ್ತು. ನಮ್ಮಲ್ಲಿಗೆ ಬರುವ ಮುಂಚೆ ನಾಲ್ಕು ತಿಂಗಳು ಅವನನ್ನು ಬೇರೆ ಜೈಲಿನಲ್ಲಿಟ್ಟಿದ್ದರು. ಅಲ್ಲಿ ಜಾಗ ಸಾಲದೆ ಇಲ್ಲಿಗೆ ಕಳಿಸಿದ್ದರು.

ತೀರ್ಪಿಗೆ ಮುಂಚೆ ಒಳಗಿದ್ದ ದಿನಗಳನ್ನು ಶಿಕ್ಷೆಯಲ್ಲಿ ಕಳೆಯಬೇಕು ಎಂಬುದು ಕಾಯಿದೆ. ನಮ್ಮ ಡೈರಿಯಲ್ಲಿ ಕಳೆದದ್ದು ಅವನು ನಮ್ಮ ಗೇಟು ದಾಟಿದ ಮೇಲಿನ ದಿನಗಳನ್ನು ಮಾತ್ರ. ಆ ಡೈರಿಯ ಅಕ್ಷರ ನನ್ನದು. ಬೆರಳು ಮಡಚಿ ಮೂರು ಸಲ ಲೆಕ್ಕ ಹಾಕಿದೆ. ಅವನ ಶಿಕ್ಷೆ ಮುಗಿದು ನಲವತ್ತಮೂರು ದಿನವಾಗಿತ್ತು.

ಕಪಾಟಿನಿಂದ ಅವನ ಅರ್ಜಿ ಹುಡುಕಿ ತೆಗೆದು, ಹತ್ತನೆಯ ಪುಟ ಓದಿದೆ. ನಾಲ್ಕೇ ಸಾಲು. ನಾನು ಹೊಡೆದದ್ದು ನಿಜ, ಶಿಕ್ಷೆ ಒಪ್ಪಿದ್ದೇನೆ. ಮೊದಲಿನ ಜೈಲಿನ ನಾಲ್ಕು ತಿಂಗಳನ್ನು ಇವರು ಹಿಡಿದಿಲ್ಲ. ಅದನ್ನು ಹಿಡಿದರೆ ಮೊನ್ನೆಗೆ ನನ್ನ ದಿನ ಮುಗಿದಿದೆ. ಈಗ ಯಾವ ಕಾಗದದ ಮೇಲೆ ನನ್ನನ್ನು ಇಟ್ಟುಕೊಂಡಿದ್ದಾರೆ ಕೇಳಿ.

ಕದಮ್ ಕಾಕಾರ ಒಂದೇ ಸವಾಲು. ಕಾಕಾರನ್ನು ಕಂಡೇ ಇಲ್ಲದ, ಅಕ್ಷರ ಬಾರದ ಹಮಾಲನೊಬ್ಬ ಅದನ್ನೇ ಕೇಳಿದ್ದ. ಶಿಕ್ಷೆ ತಪ್ಪೆಂದು ಹೇಬಿಯಸ್‌ನಲ್ಲಿ ವಾದಿಸಲು ಬರುವುದಿಲ್ಲ, ನಿಜ. ಶಿಕ್ಷೆ ಮುಗಿದ ಮೇಲೂ ಇಟ್ಟುಕೊಂಡರೆ ವಾರಂಟಿನ ಬಲ ಮುಗಿದ ಹಾಗೆಯೇ, ಆಗ ನಡೆಯುವುದು ಹೇಬಿಯಸ್ಸೇ. ನನ್ನ ಮೊಹರು ಕುಣಿದಾಡಿದ ಅಷ್ಟು ಅರ್ಜಿಗಳಲ್ಲಿ ಶಿಕ್ಷೆಯನ್ನು ಪ್ರಶ್ನಿಸದೆ ಇದ್ದವನು ಅವನೊಬ್ಬ. ಅವನ ಪರವಾಗಿ ಮಾಸ್ತರ್ ಒಂಬತ್ತು ಪುಟ ಪ್ರಶ್ನಿಸಿದ್ದ, ನಾನು ಅದಕ್ಕೆ ಉತ್ತರ ಕೊಟ್ಟಿದ್ದೆ. ನಾಚಿಕೆ ಎಂದರೆ ಏನು ಎಂದು ಆ ಮಧ್ಯಾಹ್ನ ಗೊತ್ತಾಯಿತು.

ಸಾಹೇಬರ ಮುಂದೆ ಫೈಲಿಟ್ಟೆ. ಅವರು ಹತ್ತನೆಯ ಪುಟ ಮುಟ್ಟಲಿಲ್ಲ. ನೇರ ಮೊಹರಿನ ಪುಟ ತೆರೆದು, ಹೆಬ್ಬೆಟ್ಟಿನ ಗುರುತು ನೋಡಿ ಉಸಿರು ಬಿಟ್ಟರು.

"ತ್ಯಾನೇಚ್ ವಾಪಸ್ ಘೇತಲಾ ನಾ?" ಅವನೇ ವಾಪಸ್ ಪಡೆದಿದ್ದಾನಲ್ಲ ಎಂದರು. "ಮಗ್ ಆಪಣ್ ಸೇಫ್ ಆಹೋತ್."

ನಾವು ಸೇಫ್. ಮನುಷ್ಯನೊಬ್ಬ ಆ ಹೊತ್ತಿಗೂ ಒಳಗೆ ಕೂತಿದ್ದ. ಸಂಜೆಯೇ ಬಿಡಿ, ಬಿಡುಗಡೆ ರಿಜಿಸ್ಟರಿನಲ್ಲಿ ಶಿಕ್ಷೆ ಮುಗಿದ ದಿನ ಎಂಬಲ್ಲಿ ಇವತ್ತಿನ ತಾರೀಖೇ ಹಾಕಿ, ಹೆಚ್ಚು ಬರೆಯಬೇಡಿ ಎಂದು ಹೇಳಿ ಸಾಹೇಬರು ಠಾಣೆ ಶಹರದಲ್ಲಿ ಮೀಟಿಂಗ್ ಇದೆಯೆಂದು ಹೊರಟರು. ನಾನು ಹಾಗೆಯೇ ಹಾಕಿದೆ. ಅದನ್ನೂ ಬರೆದಿಡುತ್ತೇನೆ, ಕಥೆಯಲ್ಲಿ ನಾನು ಒಮ್ಮೆಲೇ ದೇವತೆಯಾದೆ ಎಂದು ತಂಗಿಯ ಮಗಳು ತಿಳಿಯಬಾರದು.

ಭೀಮಪ್ಪನ ಹೆಂಡತಿ ಮಲ್ಲಮ್ಮನಿಗೆ ಫೋನು ಮಾಡಿಸಿದೆ. ತುರ್ಭೆಯಿಂದ ಬಸ್ಸು ಹಿಡಿದು ಸಂಜೆಯೊಳಗೆ ಬಂದಳು. ಪ್ಲಾಸ್ಟಿಕ್ ಚೀಲದಲ್ಲಿ ಅವನ ಹಳೆಯ ಚಪ್ಪಲಿ ತಂದಿದ್ದಳು. ಹವಾಲ್ದಾರ ಅದನ್ನು ಒಳಗೆ ಕೊಟ್ಟ. ಗೇಟಿನ ಪಕ್ಕದ ಮೇಜಿನ ಮೇಲೆ ರಿಜಿಸ್ಟರ್, ಶಾಯಿಯ ಪ್ಯಾಡು. ಭೀಮಪ್ಪ ಬಂದು ನಿಂತ. ಲೆಕ್ಕದಲ್ಲಿ ತಪ್ಪಾಗಿತ್ತು, ನೀನು ಹೇಳಿದ್ದೇ ಸರಿ, ತಪ್ಪು ನನ್ನದು ಎಂದು ಅವನಿಗೆ ಹೇಳಿದೆ. ಹೆಬ್ಬೆಟ್ಟು ಒತ್ತು ಎಂದರೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

"ಓದ್ರಿ ಅಕ್ಕಾರ. ಈ ಸಲ ಎಲ್ಲಾ ಓದ್ರಿ."

ಓದಿದೆ. ಹೆಸರು, ತಂದೆಯ ಹೆಸರು, ಕೇಸು, ಶಿಕ್ಷೆ. ಶಿಕ್ಷೆ ಮುಗಿದ ದಿನ ಎಂಬಲ್ಲಿಗೆ ಬಂದಾಗ ನನ್ನ ದನಿ ತಗ್ಗಿತು.

"ಅದು ಸುಳ್ಳೈತ್ರಿ" ಎಂದ.

ಹವಾಲ್ದಾರ ಬೀಗದ ಕೈ ಹಿಡಿದು ಬೇಸತ್ತಿದ್ದ. ಸಾಹೇಬರು ಬರುವ ನಾಳೆಯವರೆಗೆ ಒಳಗೇ ಕೂರುತ್ತೀಯಾ ಎಂದು ಗದರಿದ. "ಅರೇ, ಬಾಹರ್ ಜಾನೇಕಾ ಹೈ ಕೀ ನಹೀ? ಸಾಬ್ ಕಲ್ ಆಯೇಂಗೇ, ತಬ್ ತಕ್ ಅಂದರ್ ಬೈಠೇಗಾ?"

"ಹೊರಗೆ ಹೋಗು ಮಾರಾಯ, ಹೆಂಡತಿ ಕಾಯ್ತಾ ಇದ್ದಾಳೆ. ಆಮೇಲೆ ನೋಡುವ" ಎಂದೆ.

"ಆಮ್ಯಾಲ ನೋಡೂಣು ಅಂತ ಆವತ್ತೂ ಅಂದಿದ್ರಿ."

ಗೇಟಿನ ಕಿಂಡಿಯಲ್ಲಿ ಮಲ್ಲಮ್ಮನ ಮುಖ ಕಾಣುತ್ತಿತ್ತು. ಹೆಬ್ಬೆಟ್ಟು ಬೀಳದೆ ಗೇಟು ತೆರೆಯುವುದಿಲ್ಲ. ಒಂದು ರಾತ್ರಿ ಒಳಗೆ ಹೋದರೆ ನಲವತ್ತನಾಲ್ಕಾಗುತ್ತದೆ, ಅದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಕೈ ಮುಂದೆ ತರಲಿಲ್ಲ.

ನಾನು ಪೆನ್ನು ತೆಗೆದೆ. ಆ ತಾರೀಖಿನ ಮೇಲೆ ಗೆರೆ ಎಳೆದು, ಶಿಕ್ಷೆ ನಿಜವಾಗಿ ಮುಗಿದ ತಾರೀಖು ಬರೆದೆ. ಷರಾ ಎಂಬಲ್ಲಿ, ‘ನಲವತ್ತಮೂರು ದಿನ ಹೆಚ್ಚಿಗೆ ಇರಿಸಲಾಗಿದೆ, ಲೆಕ್ಕ ತಪ್ಪಿದ್ದು ನನ್ನಿಂದ, ಅರ್ಜಿಯ ಕೊನೆಯ ಪುಟ ನಾನು ಓದಿರಲಿಲ್ಲ’ ಎಂದು ಬರೆದು ಸಹಿ ಹಾಕಿದೆ.

ಇದರ ಫಲವನ್ನು ಹೇಳಿಬಿಡುತ್ತೇನೆ. ಅನುಮತಿಯಿಲ್ಲದೆ ರಿಜಿಸ್ಟರ್ ತಿದ್ದಿದ್ದೇಕೆ ಎಂದು ಮೂರನೆಯ ದಿನ ನನಗೆ ಮೆಮೊ ಬಂತು, ಒಂದು ವರ್ಷದ ಇನ್‌ಕ್ರಿಮೆಂಟ್ ಹೋಯಿತು. ಆ ನಲವತ್ತಮೂರು ದಿನಗಳ ಬಗ್ಗೆ ಯಾರಿಗೂ ಮೆಮೊ ಬರಲಿಲ್ಲ. ನಾನು ತಿದ್ದಿದ ಆ ಸಾಲಿನ ನಕಲು ಪಡೆದು ಭೀಮಪ್ಪ ಪರಿಹಾರದ ಕೇಸು ಹಾಕಿದ್ದಾನೆ, ನಾನು ರಿಟೈರ್ ಆದ ಮೇಲೂ ಅದು ನಡೆಯುತ್ತಿದೆ. ಸಾಕ್ಷಿಗೆ ಕರೆದರೆ ಹೋಗುತ್ತೇನೆ. ಮೊಹರನ್ನು ಮಾತ್ರ ನಾನು ಮನೆಗೆ ತಂದುಬಿಟ್ಟೆ, ಸರಕಾರಿ ಸ್ವತ್ತಿನ ಕಳ್ಳತನ ಎಂದು ಬೇಕಾದರೆ ಇನ್ನೊಂದು ಮೆಮೊ ಕಳಿಸಲಿ. ತಂಗಿಯ ಮಗಳೇ, ನಿನಗೆ ಇಷ್ಟೇ ಹೇಳುವುದು: ಅರ್ಜಿಯನ್ನು ಹಿಂದಿನಿಂದ ಓದು. ಊಟ ಆರಿದರೆ ಆರಲಿ.

ಆ ಸಂಜೆ ಗೇಟಿನಲ್ಲಿ, ಬರೆದದ್ದನ್ನು ಅವನು ಎರಡು ಸಲ ಓದಿಸಿದ. ಎರಡನೆಯ ಸಲ ತುಟಿ ಅಲ್ಲಾಡಿಸುತ್ತ ನನ್ನ ಜೊತೆಗೇ ಹೇಳಿಕೊಂಡ. ಆಮೇಲೆ ಪ್ಯಾಡಿಗೆ ಬೆರಳು ಅದ್ದಿ, ನನ್ನ ಸಹಿಯ ಪಕ್ಕದಲ್ಲಿ ಹೆಬ್ಬೆಟ್ಟು ಒತ್ತಿದ. ಹವಾಲ್ದಾರ ಬೀಗ ತೆಗೆದ. ಭೀಮಪ್ಪ ಹೊರಡಲಿಲ್ಲ.

"ಅಕ್ಕಾರ, ಇದನ್ನ ಇನ್ನ ಯಾರೂ ವಾಪಸ್ ತಗೊಳ್ಳಾಕ ಬರಂಗಿಲ್ಲಲ್ರಿ?"

"ಬರುದಿಲ್ಲ" ಎಂದೆ.

ಆಗ ಅವನು ಬಗ್ಗಿ ಚಪ್ಪಲಿ ಹಾಕಿಕೊಂಡ.